ಹಳದಿ ಗಿಂಡಿ, ಲೊಟಕ್ಕು ಮತ್ತು ಒಂದು ಅಗ್ಗದ ಸ್ಕ್ಯಾನರು

ನಮ್ಮ ಕಾರಿನ ಸ್ಟೀರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿಗೂ ಪೆಟ್ರೋಲು ತೋರಿಸುವ ಮುಳ್ಳಿಗೂ ನಡುವಿನ ಅಂಗೈಯಗಲದ ಕತ್ತಲೆಯಲ್ಲಿ, ಒಂದು ಪುಟ್ಟ ಹಳದಿ ಗಿಂಡಿ ವಾಸವಾಗಿದೆ. ಅದನ್ನು ಬರೆದ ಪುಣ್ಯಾತ್ಮರು ಎಂಜಿನ್ನಿನ ಚಿತ್ರವೆಂದು ನಂಬಿಯೇ ಬರೆದಿರಬೇಕು. ಆದರೆ ಆ ಚಿತ್ರದಲ್ಲಿ ಎಂಜಿನ್ನನ್ನು ಕಂಡವರನ್ನು ನಾನಂತೂ ಇದುವರೆಗೆ ಕಂಡಿಲ್ಲ. ನಮ್ಮಪ್ಪನಿಗೆ ಅದು ತೋಟದ ಪಂಪ್‌ಸೆಟ್ಟಿನಂತೆ ಕಾಣುತ್ತದೆ, ನನಗೆ ಕತ್ತು ಚಾಚಿದ ಆಮೆಯಂತೆ. ಕಿಟಕಿಯಿಂದ ಒಮ್ಮೆ ಇಣುಕಿ ನೋಡಿದ ಅಜ್ಜಿ ಅದನ್ನು ಪೂಜೆಯ ಗಿಂಡಿ ಎಂದರು. ನಮ್ಮ ಮನೆಯಲ್ಲಿ ಅಜ್ಜಿಯ ಮಾತಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲವಾದ್ದರಿಂದ ಅಂದಿನಿಂದ ಅದು ಗಿಂಡಿಯೇ. ಕೀಲಿ ತಿರುಗಿಸಿದಾಗ ಒಂದು ಕ್ಷಣ ಹೊತ್ತಿ, ಎಂಜಿನ್ನು ಶುರುವಾದೊಡನೆ ಆರಿ, ತನ್ನ ಪಾಡಿಗೆ ತಾನು ನಿದ್ರಿಸುವುದು ಅದರ ಸ್ವಧರ್ಮ. ಕಳೆದ ಬೇಸಿಗೆಯ ಒಂದು ಮಂಗಳವಾರ ಅದು ಹೊತ್ತಿಕೊಂಡದ್ದು ಆರಲೇ ಇಲ್ಲ.

ಮುಂದಿನದನ್ನು ಹೇಳುವ ಮೊದಲು ನನ್ನ ಯೋಗ್ಯತೆಯನ್ನು ನಿಮಗೆ ತಿಳಿಸಿಬಿಡುವುದು ಸಭ್ಯತೆ. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಅರೆಕಾಲಿಕವಾಗಿ ಬೋಧಿಸುವವನು. ವಿದ್ಯಾರ್ಥಿಗಳು ಅದನ್ನು ಕಾಲುಭಾಗದಷ್ಟು ಕೇಳುತ್ತಾರೆ. ಆದರೆ ಬಿಳಿಗೆರೆಯಿಂದ ಶೆಟ್ಟಿಕೆರೆಯವರೆಗೆ ನನಗೆ ಏನಾದರೂ ಕೀರ್ತಿಯಿದ್ದರೆ ಅದು ಬೇಡಿಕೆ-ಪೂರೈಕೆಯ ರೇಖೆಗಳಿಂದ ಬಂದದ್ದಲ್ಲ, ನಾಲಿಗೆಯಿಂದ ಬಂದದ್ದು. ನಾನು ಅನುಕರಣಪಟು. ಬಸ್ಸು ಹಿಂದಕ್ಕೆ ಬರುವಾಗಿನ ಕಂಡಕ್ಟರ ಸೀಟಿ, ತೊಟ್ಟಿಲಿನ ಕಿರುಗುಟ್ಟು, ನಮ್ಮ ಪ್ರಿನ್ಸಿಪಾಲರು ಧ್ವಜವಂದನೆಯ ದಿನ ಗಂಟಲು ಸರಿಮಾಡಿಕೊಳ್ಳುವ ಮೂರು ಹಂತಗಳು, ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯ ಅಂಗಳದಲ್ಲಿ ವ್ಯಾಪಾರಿಗಳು ತಮಗೇನೂ ಅವಸರವಿಲ್ಲವೆಂಬಂತೆ ಆಕಳಿಸುವ ಬಗೆ, ಇವೆಲ್ಲ ನನ್ನ ಬತ್ತಳಿಕೆಯ ಬಾಣಗಳು. ಮದುವೆಮನೆಯಲ್ಲಿ ಎಲೆ ಹಾಕುವುದು ತಡವಾದರೆ ಜನ ಅಡುಗೆಯವರನ್ನು ಕೂಗುವ ಮೊದಲು ನನ್ನನ್ನು ಕೂಗುತ್ತಾರೆ. ಹಸಿದವರನ್ನು ನಗಿಸುವುದು ಸುಲಭವಲ್ಲ, ನೀವು ಒಮ್ಮೆ ಪ್ರಯತ್ನಿಸಿ ನೋಡಿ.

ಇನ್ನು ಅಮ್ಮ. ಐವತ್ತರ ಗಡಿ ದಾಟಿದ ಮೇಲೆ, ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳಬೇಕಾದ ವಯಸ್ಸಿನಲ್ಲಿ, ಆಕೆ ಕಾರು ಕಲಿತಳು. ಕಲಿಸಿದವನು ನಾನೇ ಎಂದು ಹೇಳಿಕೊಳ್ಳುವ ಆಸೆಯಿದೆ. ವಾಸ್ತವದಲ್ಲಿ ಮೂರನೆಯ ದಿನವೇ ಆಕೆ, 'ನೀನು ಪಕ್ಕದಲ್ಲಿದ್ರೆ ನಂಗೆ ರಸ್ತೆಗಿಂತ ನಿನ್ನ ಮುಖಾನೇ ಜಾಸ್ತಿ ಕಾಣ್ತದೆ ಕಣೋ, ಇಳಿ' ಎಂದು ನನ್ನನ್ನು ತೆಂಗಿನ ಸಾಲಿನ ಮಧ್ಯೆ ಇಳಿಸಿ ಹೋಗಿದ್ದಳು. ನಮ್ಮ ಹನ್ನೆರಡು ವರ್ಷದ ಕಾರು ಆ ಇಡೀ ಮಳೆಗಾಲ ಎರಡನೆಯ ಗೇರಿನಲ್ಲಿ ನರಳುತ್ತ ತೋಟದ ದಾರಿಯನ್ನು ಅಳೆಯಿತು. ಗೌರಿಹಬ್ಬಕ್ಕೆ ಅಮ್ಮ ಒಬ್ಬಳೇ ಕಾರು ಓಡಿಸಿಕೊಂಡು ಶೆಟ್ಟಿಕೆರೆಯ ತವರಿಗೆ ಹೋಗಿ, ಒಬ್ಬಳೇ ಹಿಂದಿರುಗಿದಳು. ಅಂಗಳಕ್ಕೆ ಕಾರು ತಂದು ನಿಲ್ಲಿಸಿದಾಗ ಆಕೆಯ ಮುಖದಲ್ಲಿದ್ದ ಕಳೆಯನ್ನು ನಾನು ಎಷ್ಟು ಪ್ರಯತ್ನಿಸಿದರೂ ಅನುಕರಿಸಲಾರೆ. ಅದಕ್ಕೆ ಬೇಕಾದ ಸಾಮಗ್ರಿ ನನ್ನ ಮುಖದಲ್ಲಿಲ್ಲ.

ಆ ಕಳೆ ಹತ್ತು ನಿಮಿಷವಿತ್ತು. ತವರಿನಿಂದ ಹೊರಡುವಾಗ ಅತ್ತೆ, ಎಂದರೆ ಅಮ್ಮನ ಅಣ್ಣನ ಹೆಂಡತಿ, ಒಂದು ಕೈಚೀಲ ತುಂಬಿಸಿ ತಾವೇ ಡಿಕ್ಕಿಯಲ್ಲಿಟ್ಟು ಬಾಗಿಲು ಹಾಕಿದ್ದರು. ಮನೆಗೆ ಬಂದು ನೋಡಿದರೆ ವಾಲಿಬಿದ್ದಿದ್ದ ಚೀಲದಲ್ಲಿ ಅಕ್ಕಿಯಿತ್ತು, ಬೆಲ್ಲವಿತ್ತು, ಎಲೆಯಡಿಕೆ, ಬಳೆ, ರವಿಕೆಯ ಕಣವಿತ್ತು. ಕಾಯಿ ಇರಲಿಲ್ಲ. ನೀವು ಬೇರೆ ಸೀಮೆಯವರಾದರೆ, ಹೋಗಲಿ ಬಿಡಿ ಒಂದು ತೆಂಗಿನಕಾಯಿ ತಾನೆ ಎನ್ನುತ್ತೀರಿ. ನಮ್ಮಲ್ಲಿ ಕಾಯಿ ಕೇಳಲು ಬಂದ ಅಪರಿಚಿತನಿಗೂ ಎರಡು ಕಾಯಿ ಕೊಟ್ಟು ಕಳಿಸುತ್ತಾರೆ, ಕೇಳದೆ ಬಂದವನಿಗೆ ನಾಲ್ಕು. ಗೌರಿಹಬ್ಬದ ದಿನ ಹೆಣ್ಣುಮಗಳನ್ನು ಕಾಯಿ ಇಲ್ಲದೆ ಕಳಿಸುವುದೆಂದರೆ ಬಾಗಿಲ ತನಕ ಬಂದು ಮುಖ ತಿರುಗಿಸಿಕೊಂಡ ಹಾಗೆ. ನಮ್ಮ ಅಟ್ಟದ ಮೇಲೆ ಸಾವಿರಾರು ಕಾಯಿಗಳು ಒಣಗುತ್ತ ಬಿದ್ದಿದ್ದವು. ಅವೆಲ್ಲ ಸೇರಿದರೂ ಆ ಒಂದಕ್ಕೆ ಸಮನಾಗಲಿಲ್ಲ. ಅಮ್ಮ ಚೀಲವನ್ನು ಮಡಿಸಿ ಒಳಗಿಟ್ಟಳು. ಅತ್ತಿಗೆಯೊಂದಿಗೆ ಫೋನಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತಿದ್ದ ಭಾನುವಾರದ ಮಾತು ಮಾತ್ರ ಕ್ರಮೇಣ, 'ಹೂಂ, ಚೆನ್ನಾಗಿದೀವಿ, ಇಡ್ಲಾ?' ಎಂಬಷ್ಟಕ್ಕೆ ಇಳಿಯಿತು.

ಕಾರಿನ ಮೇಲಿನ ಮೋಹ ಮಾತ್ರ ಇಳಿಯಲಿಲ್ಲ. ಸಂತೆಗೆ, ಬ್ಯಾಂಕಿಗೆ, ಓರಗೆಯ ಹೆಂಗಸರನ್ನು ತುಂಬಿಕೊಂಡು ನೊಣವಿನಕೆರೆಯ ಮಠಕ್ಕೆ, ಹೀಗೆ ಏಳು ತಿಂಗಳು ಅಮ್ಮ ಸಾರಥ್ಯ ವಹಿಸಿದಳು. ಯುಗಾದಿ ಕಳೆದ ಮೇಲೆ ಆ ಮಂಗಳವಾರ, ನೊಣವಿನಕೆರೆಯಿಂದ ಹಿಂದಿರುಗುವಾಗ, ಶಾಲೆಯೊಂದರ ಮುಂದೆ ಹೊಸದಾಗಿ ಹಾಕಿದ್ದ ಹಂಪು ಆಕೆಗೆ ಕಾಣಲಿಲ್ಲ. ಬಿಳಿ ಬಣ್ಣವನ್ನೂ ಬಳಿಯದೆ, ಗುಡ್ಡವೊಂದು ರಸ್ತೆ ದಾಟುವಾಗ ಅಲ್ಲೇ ನಿದ್ದೆಹೋದಂತೆ ಮಲಗಿದ್ದ ಹಂಪದು. ಕಾರು ಹಾರಿ ನೆಲಕ್ಕೆ ಬಿತ್ತು. ಆ ಕ್ಷಣದಿಂದ ಹಿಂಭಾಗದಲ್ಲೆಲ್ಲೋ ಒಂದು ಸದ್ದು ಶುರುವಾಯಿತು: ಲೊಟಕ್. ಸಣ್ಣ ಗುಂಡಿಗೊಂದು ಲೊಟಕ್, ತಿರುವಿಗೊಂದು ಲೊಟಕ್, ಬ್ರೇಕಿಗೊಂದು ಲೊಟಕ್. ಮನೆ ತಲುಪುವುದರೊಳಗೆ ಗಿಂಡಿಯೂ ಹೊತ್ತಿಕೊಂಡಿತ್ತು.

ಇಲ್ಲಿ ನನ್ನ ಅಪರಾಧ ಆರಂಭವಾಗುತ್ತದೆ. ಆ ವಾರವೇ ಪಕ್ಕದ ಬೀದಿಯಲ್ಲೊಂದು ನಾಮಕರಣವಿತ್ತು, ಎಲೆ ಹಾಕುವುದು ತಡವಾಯಿತು. ಎಂದಿನಂತೆ ನನ್ನನ್ನು ಎಬ್ಬಿಸಿದರು. ನಾನು ಅಮ್ಮನನ್ನೇ ಮಾಡಿ ತೋರಿಸಿದೆ: ಸ್ಟೀರಿಂಗನ್ನು ಕಳ್ಳನ ಕುತ್ತಿಗೆಯಂತೆ ಎರಡೂ ಕೈಯಲ್ಲಿ ಹಿಡಿದು, ಕನ್ನಡಕದ ಮೇಲಿನಿಂದ ನೋಡುತ್ತ, ಹಂಪು ಬಂದೊಡನೆ 'ಸಿವ ಸಿವಾ' ಎಂದು ಕುರ್ಚಿಯಿಂದ ಒಂದು ಗೇಣು ಎಗರಿ, ಆಮೇಲೆ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಬಿಡಿಸಿ, ಲೊಟಕ್, ಲೊಟಕ್, ಲೊಟಕ್. ತೊಟ್ಟಿಲ ಕೂಸೊಂದನ್ನು ಬಿಟ್ಟು ಎಲ್ಲರೂ ನಕ್ಕರು. ಅಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುದಿನ ಬೆಳಗ್ಗೆ ಕಾರಿನ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು, ಅಮ್ಮ ರಸ್ತೆಯ ಬದಿಯಲ್ಲಿ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಯಾಕಮ್ಮ ಎಂದು ಓಡಿಹೋಗಿ ಕೇಳಿದರೆ, 'ಬಸ್ಸೇ ವಾಸಿ ಕಣೋ. ಬಸ್ಸು ಕೆಟ್ರೆ ಯಾರೂ ನನ್ನ ಅನ್ನಲ್ಲ' ಎಂದಳು. ಅಷ್ಟು ಹೇಳಿ, ನನ್ನ ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದನ್ನು ಸರಿಮಾಡಿ, ಬಸ್ಸು ಹತ್ತಿದಳು. ನಗು ಮತ್ತು ಕಣ್ಣೀರು ಒಂದೇ ಕೊಳವೆಯಿಂದ ಬರುತ್ತವೆಂಬ ಶರೀರಶಾಸ್ತ್ರ ನನಗೆ ಆಗ ಹೊಳೆಯಿತು.

ಹೀಗಾಗಿ, ಕಾರು ಕೆಟ್ಟದ್ದು ಅಮ್ಮನಿಂದಲ್ಲ ಎಂದು ಸಾಬೀತುಪಡಿಸುವುದು ನನ್ನ ಜೀವನದ ತಾತ್ಕಾಲಿಕ ಧ್ಯೇಯವಾಯಿತು. ಮೊದಲು ಹೋದದ್ದು ಮೆಕ್ಯಾನಿಕ್ ನಂಜುಂಡಣ್ಣನ ಬಳಿಗೆ. ನಂಜುಂಡಣ್ಣ ಕಿವಿಯಿಂದ ಕಾರು ನೋಡುವ ಹಳೆಯ ಪರಂಪರೆಯವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದರೆಂದರೆ, ಸಮಾಧಿಗೂ ಅವರಿಗೂ ಎರಡೇ ಅಂಗುಲ. ನಾನು ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ.

'ಲೊಟಕ್ ಅಂತದೋ, ಲೊಡಕ್ ಅಂತದೋ, ಸರಿಯಾಗಿ ಹೇಳಿ ಮೇಷ್ಟ್ರೇ. ಲೊಡಕ್ ಆದ್ರೆ ಕೆಳಗಿನ ರಬ್ಬರ್ ಬುಶ್ಶು. ಲೊಟಕ್ ಆದ್ರೆ...' ಎಂದು ನಿಲ್ಲಿಸಿದರು.

'ಲೊಟಕ್ ಆದ್ರೆ?'

'ನಂಗೂ ಗೊತ್ತಿಲ್ಲ ಕಣ್ರೀ.'

ಅವರು ಕಾರಿನ ಕೆಳಗೆ ತೂರಿ ಎಲ್ಲವನ್ನೂ ಅಲುಗಾಡಿಸಿದರು, ಬಿಗಿಯಿದ್ದದ್ದನ್ನು ಇನ್ನಷ್ಟು ಬಿಗಿ ಮಾಡಿದರು. ಲೊಟಕ್ಕು ಹೋಗಲಿಲ್ಲ. ಗಿಂಡಿಯ ವಿಷಯಕ್ಕೆ ಮಾತ್ರ ಅವರು ಕೈ ಎತ್ತಿಬಿಟ್ಟರು. 'ಇದು ಸದ್ದು ಮಾಡಲ್ವಲ್ಲ ಮೇಷ್ಟ್ರೇ, ಸುಮ್ನೆ ಕಣ್ ಬಿಟ್ಕೊಂಡು ಕೂತದೆ. ಇಂಥದ್ದನ್ನ ಕೇಳೋಕೆ ಮಿಷನ್ನೇ ಬೇಕು. ಅಮ್ಮಾವ್ರು ಹಂಪು ಹಾರಿಸಿದ್ರಲ್ಲ, ಅದ್ರಲ್ಲೇ ಏನೋ ಆಗಿದೆ ಬುಡಿ.' ಆ ಕೊನೆಯ ವಾಕ್ಯ ನನ್ನನ್ನು ಚುಚ್ಚಿತು. ಹಂಪು ಹಾರಿದ ಸುದ್ದಿ ಅವರಿಗೆ ತಲುಪಿದ್ದು ನನ್ನ ಪ್ರದರ್ಶನದ ಮೂಲಕವೇ ತಾನೆ? ಮಿಷನ್ನು ಕೊಳ್ಳಲು ಅಲ್ಲೇ ಸಂಕಲ್ಪ ಮಾಡಿದೆ.

ಕೊಳ್ಳುವುದೆಂದರೆ ಅರ್ಥಶಾಸ್ತ್ರದ ಮೇಷ್ಟರಿಗೆ ಸುಮ್ಮನೆ ಕೊಳ್ಳಲಾಗುತ್ತದೆಯೇ? ಮೊದಲು, ಕಾರಿನ ಕಾಯಿಲೆ ಓದುವ ಆ ಮಿಷನ್ನನ್ನು, ಎಂದರೆ ಸ್ಕ್ಯಾನರನ್ನು, ಚುಚ್ಚುವ ಬಾಯಿ ನಮ್ಮ ಕಾರಿಗೆ ಇದೆಯೋ ಇಲ್ಲವೋ ನೋಡಬೇಕಿತ್ತು. ಅದು ಸ್ಟೀರಿಂಗಿನ ಕೆಳಗೆ, ಪೆಡಲುಗಳ ಮೇಲೆ, ಮನುಷ್ಯಮಾತ್ರದವರ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ತಲೆಯನ್ನು ಕ್ಲಚ್ಚಿನ ಪಕ್ಕಕ್ಕೆ ಇಳಿಸಿ, ಬೆನ್ನನ್ನು ಸೀಟಿಗೆ ಹಚ್ಚಿ, ಕಾಲುಗಳನ್ನು ಬಾಗಿಲಿನಿಂದ ಆಚೆ ಆಕಾಶಕ್ಕೆ ಎತ್ತಿದಾಗ ಅದರ ದರ್ಶನವಾಯಿತು: ಎರಡು ಸಾಲಿನಲ್ಲಿ ಹದಿನಾರು ತೂತು. ಅದೇ ಸಮಯಕ್ಕೆ ತೋಟದಿಂದ ಬಂದ ಅಪ್ಪನಿಗೆ ಕಂಡದ್ದು ಕಾರಿನಿಂದ ಹೊರಬಂದ ಎರಡು ಕಾಲು ಮಾತ್ರ. ಅವರು ಗಾಬರಿಯಾಗಲಿಲ್ಲ. 'ಇದ್ಯಾರನ್ನ ಮಾಡ್ತಿದೀಯಲಾ ಈಗ?' ಎಂದು ಕೇಳಿ ಒಳಗೆ ಹೋದರು. ಅನುಕರಣಪಟುವಿನ ಬದುಕಿನ ದೊಡ್ಡ ಕಷ್ಟವಿದು. ನಿಜವಾಗಿಯೂ ಸಿಕ್ಕಿಹಾಕಿಕೊಂಡಿದ್ದರೂ ಜನ ಚಪ್ಪಾಳೆಗೆ ಕೈ ಜೋಡಿಸುತ್ತಾರೆ.

ಬಾಯಿ ಇದ್ದದ್ದು ಖಚಿತವಾದ ಮೇಲೆ ಅಂತರ್ಜಾಲದ ಪೇಟೆ ಪ್ರವೇಶಿಸಿದೆ. ಅಲ್ಲಿ ಸ್ಕ್ಯಾನರುಗಳು ಮೂರು ವರ್ಗದವು. ಮೊದಲನೆಯದು ಹೆಬ್ಬೆರಳಿನಷ್ಟು ಗಾತ್ರದ್ದು. ಕಾರಿಗೆ ಚುಚ್ಚಿದರೆ ಗಾಳಿಯ ಮೂಲಕ ಫೋನಿಗೆ ಪಿಸುಗುಟ್ಟುತ್ತದೆ, ಬೆಲೆ ಎರಡು ಪ್ಲೇಟು ಬಿರಿಯಾನಿಯದು. ಎರಡನೆಯದು ಅಂಗೈಯಗಲದ ಪೆಟ್ಟಿಗೆ, ಅದಕ್ಕೆ ತನ್ನದೇ ಪರದೆ, ತನ್ನದೇ ವೈರು. ಮೂರನೆಯದು ಸ್ಲೇಟಿನಷ್ಟು ದೊಡ್ಡದು. ಎಂಜಿನ್ನು, ಬ್ರೇಕು, ಏರ್‌ಬ್ಯಾಗು ಎಲ್ಲವನ್ನೂ ವಿಚಾರಿಸುತ್ತದೆ, ಆದರೆ ಅದರ ಬೆಲೆಗೆ ನಮ್ಮ ಕಾರಿನ ಹಿಂದಿನ ಅರ್ಧವನ್ನೇ ಮಾರಬೇಕಾದೀತು. ಲೊಟಕ್ಕು ಹಿಂದಿನ ಅರ್ಧದಲ್ಲೇ ಇದ್ದದ್ದರಿಂದ ಅದೂ ಒಂದು ಪರಿಹಾರವೇ ಎಂದು ಕ್ಷಣಕಾಲ ಆಲೋಚಿಸಿದೆ.

ಕೊಂಡವರ ಅಭಿಪ್ರಾಯಗಳನ್ನು ಓದತೊಡಗಿದೆ. ಒಬ್ಬರು ಅದ್ಭುತವೆಂದರೆ ಅದರ ಕೆಳಗಿನವರು ಶುದ್ಧ ಮೋಸವೆಂದರು. ಇನ್ನೊಬ್ಬ ಮಹನೀಯರು ಪೂರಾ ಐದು ನಕ್ಷತ್ರ ಕೊಟ್ಟು, 'ಪೊಟ್ಟಣ ಬೇಗ ಬಂತು, ಇನ್ನೂ ಬಿಚ್ಚಿಲ್ಲ' ಎಂದು ಬರೆದಿದ್ದರು. ಮಗುವಿನ ಮುಖ ನೋಡುವ ಮೊದಲೇ ಜಾತಕ ಬರೆದಂತೆ. ವೀಡಿಯೋಗಳನ್ನು ನೋಡಿದೆ. ಅವುಗಳಲ್ಲಿ ಮಾತಾಡುವವರೆಲ್ಲ ಪೆಟ್ಟಿಗೆ ತೆರೆಯುವುದಕ್ಕೆ ಹತ್ತು ನಿಮಿಷ, ಉಪಯೋಗಿಸುವುದಕ್ಕೆ ಒಂದು ನಿಮಿಷ ತೆಗೆದುಕೊಳ್ಳುತ್ತಾರೆ. ಇಷ್ಟರ ನಡುವೆ ಉತ್ತರಪತ್ರಿಕೆಯೊಂದರ ಹಿಂಬದಿಯಲ್ಲಿ ಬೆಲೆಗೂ ಉಪಯೋಗಕ್ಕೂ ಒಂದು ನಕ್ಷೆ ಎಳೆದೆ. ಅದು ಚೆನ್ನಾಗಿ ಬಂತು. ಆ ವಿದ್ಯಾರ್ಥಿ ಬರೆದಿದ್ದ ನಕ್ಷೆಗಿಂತ ಸ್ವಲ್ಪ ವಾಸಿ ಎನ್ನಬಹುದು.

ಹೆಬ್ಬೆರಳಿನ ಜಾತಿಯದನ್ನು ಸಹೋದ್ಯೋಗಿಯೊಬ್ಬರಿಂದ ಎರವಲು ತಂದು ಪರೀಕ್ಷಿಸಿದೆ. ನನ್ನ ಫೋನು ಗಾಳಿಯಲ್ಲಿ ತಡಕಾಡಿ ಎದುರುಮನೆಯವರ ಟೀವಿಯನ್ನು ಕಂಡುಹಿಡಿಯಿತು, ಯಾರದೋ ಇಯರ್‌ಫೋನನ್ನು ಕಂಡುಹಿಡಿಯಿತು, ಪಕ್ಕದಲ್ಲೇ ನಿಂತಿದ್ದ ಕಾರನ್ನು ಮಾತ್ರ ಕಂಡುಹಿಡಿಯಲಿಲ್ಲ. ಹತ್ತನೆಯ ಸಲಕ್ಕೆ ಅಂತೂ ಜೋಡಿಯಾಗಿ, ಪರದೆಯ ಮೇಲೆ ಏನೋ ಮೂಡುವಷ್ಟರಲ್ಲಿ ಅಮ್ಮನನ್ನು ಕೂಗಿದೆ. ಅವಳು ಬಂದು ದೂರದಿಂದಲೇ ನೋಡಿದಳು. 'ನಿನ್ನ ಫೋನಲ್ಲಿ ಏನ್ ಬೇಕಾದ್ರೂ ಬರ್ತದೆ. ಮೊನ್ನೆ ಅಪ್ಪನ ಮುಖಕ್ಕೆ ಬೆಕ್ಕಿನ ಮೀಸೆ ಬಂದಿರ್ಲಿಲ್ವಾ?' ಎಂದು ಹೊರಟುಹೋದಳು. ಸಾಕ್ಷಿಯ ವಿಶ್ವಾಸಾರ್ಹತೆ ಎಂದು ನ್ಯಾಯಶಾಸ್ತ್ರದಲ್ಲಿ ಹೇಳುವುದು ಇದನ್ನೇ ಇರಬೇಕು.

ನನ್ನ ನಕ್ಷೆ ಅಲ್ಲಿಗೆ ಮುಗಿಯಿತು. ನನಗೆ ಬೇಕಾದದ್ದು ಕಾರಿನ ಕಣ್ಣಿಗೆ ಒಳ್ಳೆಯದಾದ ಸ್ಕ್ಯಾನರಲ್ಲ, ಅಮ್ಮನ ಕಣ್ಣಿಗೆ ನಂಬಿಕೆ ಹುಟ್ಟಿಸುವ ಸ್ಕ್ಯಾನರು. ಅದಕ್ಕೆ ತನ್ನದೇ ಪರದೆ ಇರಬೇಕು, ನನ್ನ ಫೋನಿನ ಸಹವಾಸ ಇರಬಾರದು. ಬರಿಯ ಅಂಕಿ ತೋರಿಸಿ ಸುಮ್ಮನಾಗದೆ ಅದರ ಅರ್ಥವನ್ನೂ ಬರೆದು ತೋರಿಸಬೇಕು. ವೈರು ಇರಲೇಬೇಕು, ಏಕೆಂದರೆ ಅಪ್ಪನ ತತ್ತ್ವಶಾಸ್ತ್ರದ ಪ್ರಕಾರ ವೈರು ಇರುವುದೆಲ್ಲ ಸತ್ಯ, ಇಲ್ಲದ್ದೆಲ್ಲ ಮಾಯೆ. ಬ್ರೇಕು, ಏರ್‌ಬ್ಯಾಗುಗಳ ಅಂತರಂಗ ಅದಕ್ಕೆ ತಿಳಿಯದಿದ್ದರೂ ಚಿಂತೆಯಿಲ್ಲ, ಗಿಂಡಿ ಎಂಜಿನ್ನಿಗೆ ಸಂಬಂಧಿಸಿದ್ದು. ಹೀಗೆ ಎರಡನೆಯ ವರ್ಗದ, ಅದರಲ್ಲೂ ಕೆಳಮಧ್ಯಮ ವರ್ಗದ, ಒಂದು ಪೆಟ್ಟಿಗೆಯನ್ನು ತರಿಸಿದೆ. ನನ್ನ ವೇತನಕ್ಕೂ ಅದೇ ವರ್ಗವಾದ್ದರಿಂದ ನೋಡಿದ ಕೂಡಲೇ ಆತ್ಮೀಯತೆ ಮೂಡಿತು.

ಭಾನುವಾರ ಬೆಳಗ್ಗೆ ತನಿಖೆ ನಡೆಯಿತು. ಅಂಗಳದಲ್ಲಿ ಅಪ್ಪ, ಅಮ್ಮ, ಪರದೇಶದ ವೈದ್ಯನೊಬ್ಬ ಬಂದಿದ್ದಾನೆಂಬಂತೆ ಕುತೂಹಲದಿಂದ ಬಂದಿದ್ದ ನಂಜುಂಡಣ್ಣ. ನಾನು ಮತ್ತೆ ಕಾಲು ಮೇಲೆತ್ತಿ ವೈರು ಚುಚ್ಚಿದೆ. ಪೆಟ್ಟಿಗೆ ಎಚ್ಚರವಾಗಿ, ಸ್ವಲ್ಪ ಯೋಚಿಸಿ, ಒಂದು ಅಕ್ಷರವನ್ನೂ ನಾಲ್ಕು ಅಂಕಿಗಳನ್ನೂ ಬರೆಯಿತು. ಕೆಳಗೆ ಅರ್ಥ: ಆಕ್ಸಿಜನ್ ಸೆನ್ಸರು, ಬಿಸಿ ಮಾಡುವ ತಂತಿಯ ದೋಷ. ಜಗಲಿಯ ಮೇಲಿದ್ದ ಅಜ್ಜಿ, 'ಕಾರ್‌ಗೂ ಆಕ್ಸಿಜನ್ ಹಾಕ್ತಾರೇನ್ಲಾ? ಹಂಗಾದ್ರೆ ಉಳಿಯಲ್ಲ ಬುಡು' ಎಂದು ಮರುಗಿದರು. ನಂಜುಂಡಣ್ಣ ಬಾನೆಟ್ ಎತ್ತಿ, ಟಾರ್ಚು ಬಿಟ್ಟು, ಕೈ ತೂರಿಸಿ, ಒಂದು ಹಿಡಿ ತೆಂಗಿನ ನಾರನ್ನು ಹೊರತೆಗೆದರು. ಬೆಚ್ಚಗಿನ ಗೂಡು! ನಮ್ಮ ಅಟ್ಟದ ಇಲಿ, ಕಾಯಿಯ ಸಿಪ್ಪೆಯಿಂದ ನಾರು ಎಳೆದು ತಂದು, ಎಂಜಿನ್ನಿನ ಪಕ್ಕದಲ್ಲಿ ಸಂಸಾರ ಹೂಡಿ, ಬೇಸರವಾದಾಗ ಪಕ್ಕದ ವೈರನ್ನು ಅಗಿದಿತ್ತು. ವೈರು ಜೋಡಿಸಿದ್ದಾಯಿತು. ಗುಂಡಿ ಒತ್ತಿ ಪೆಟ್ಟಿಗೆಯಿಂದ ದೋಷವನ್ನು ಅಳಿಸಿದೆ. ಗಿಂಡಿ ಆರಿತು. ನಂಜುಂಡಣ್ಣ ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, 'ಪರವಾಗಿಲ್ಲ, ಬುದ್ಧಿವಂತ ಅವ್ನೆ' ಎಂದು ಅದಕ್ಕೆ ವ್ಯಕ್ತಿತ್ವ ಪ್ರದಾನ ಮಾಡಿದರು.

ನಾನು ವಿಜಯೋತ್ಸಾಹದಿಂದ ಅಮ್ಮನತ್ತ ತಿರುಗಿದೆ. 'ನೋಡಿದ್ಯಾ? ಇಲಿ! ನೀನಲ್ಲ!' ಮೊಳೆಯಿಂದ ಕೀಲಿ ತಂದು ಕೊಟ್ಟೆ. ಅಮ್ಮ ಕುಳಿತಳು, ನಾನು ಹಿಂದೆ ಹತ್ತಿದೆ, ಕಾರು ಹೊರಟಿತು, ಅಂಗಳದ ಹೊಸಿಲಿನಂಥ ಕಲ್ಲನ್ನು ಇಳಿಯಿತು. ಲೊಟಕ್. ಅಮ್ಮ ಅಲ್ಲೇ ನಿಲ್ಲಿಸಿ ಇಳಿದು, ಕೀಲಿಯನ್ನು ನನ್ನ ಕೈಗೆ ಹಾಕಿದಳು. 'ಲೈಟು ಇಲೀದು, ಆರೋಯ್ತು. ಸದ್ದು ನಂದು, ಉಳ್ಕೊಂಡ್ತು' ಎಂದಳು. ಸ್ಕ್ಯಾನರನ್ನು ಮತ್ತೆ ಚುಚ್ಚಿದೆ. ಯಾವ ದೋಷವೂ ಇಲ್ಲ ಎಂದು ಅದು ಆಣೆ ಮಾಡಿ ಹೇಳಿತು. ಕಾರು ಪ್ರತಿ ತಿರುವಿನಲ್ಲೂ ಅದನ್ನು ಸುಳ್ಳು ಮಾಡುತ್ತಿತ್ತು.

ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತಾಗ ನನಗೆ ಅದರ ಮೇಲೆ ಮತ್ಸರವೂ ಅನುಕಂಪವೂ ಒಟ್ಟಿಗೆ ಮೂಡಿದವು. ಅದೂ ನನ್ನ ವೃತ್ತಿಯದೇ. ಎದುರಿಗೆ ಬಂದವರಲ್ಲಿ ಏನು ಎಡವಟ್ಟಾಗಿದೆಯೆಂದು ಓದುತ್ತದೆ, ತೋರಿಸುತ್ತದೆ, ರಿಪೇರಿ ಮಾಡುವ ಶಕ್ತಿ ಅದಕ್ಕಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಅದು ಓದಿದ್ದನ್ನು ಅಂಗೈಯಗಲದ ಪರದೆಯಲ್ಲಿ, ಕೇಳಿದವರಿಗೆ ಮಾತ್ರ, ಸದ್ದಿಲ್ಲದೆ ತೋರಿಸುತ್ತದೆ. ನಾನು ಎಲೆ ಹಾಕುವ ಮೊದಲು ಇನ್ನೂರು ಜನರ ಮುಂದೆ ಎಗರಿ ತೋರಿಸುತ್ತೇನೆ. ಅಳಿಸುವ ಗುಂಡಿಯೂ ಅದಕ್ಕಿದೆ, ನನಗಿಲ್ಲ. ಇಷ್ಟು ಅಗ್ಗದ ಯಂತ್ರಕ್ಕೆ ಇಷ್ಟು ಮರ್ಯಾದೆ ಹೇಗೆ ಬಂತೆಂದು ಆಶ್ಚರ್ಯಪಡುತ್ತಲೇ ನಂಜುಂಡಣ್ಣನಿಗೆ ಫೋನು ಮಾಡಿ, ಸೋಲೊಪ್ಪದವನಂತೆ ಮತ್ತೊಮ್ಮೆ ಸದ್ದನ್ನು ವರ್ಣಿಸತೊಡಗಿದೆ. ಈ ಸಲ ಹಾಸ್ಯಕ್ಕಲ್ಲ. ಒಂದು ವ್ಯಂಜನವೂ ಹೆಚ್ಚುಕಡಮೆಯಾಗದಂತೆ, ತಿರುವಿನದು ಹೇಗೆ, ಬ್ರೇಕಿನದು ಹೇಗೆ, ಒಂದು ಲೊಟಕ್ಕಿಗೂ ಇನ್ನೊಂದಕ್ಕೂ ನಡುವೆ ಒಳಗೇನೋ ಹೊರಳಿದಂಥ ಸಣ್ಣ ಗುಡುಕು ಹೇಗೆ ಎಂದು, ಕಣ್ಣು ಮುಚ್ಚಿ, ಶ್ರದ್ಧೆಯಿಂದ.

ಪಕ್ಕದಲ್ಲಿ ಅಜ್ಜಿ ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದರು. ಅಜ್ಜಿ ಕಾರು ಹತ್ತುವವರಲ್ಲ. ಹತ್ತಿದರೆ ಊರು ದಾಟುವುದರೊಳಗೆ ವಾಂತಿ. ಎಂಜಿನ್ನಿನ ಗದ್ದಲ ದಾಟಿ ಆ ಸದ್ದು ಜಗಲಿಗೆ ಕೇಳುವುದೂ ಇಲ್ಲ. ಆದ್ದರಿಂದ ಅದನ್ನು ಅವರು ಕೇಳಿಯೇ ಇರಲಿಲ್ಲ, ನಾಮಕರಣದ ಮನೆಗೂ ಬಂದಿರಲಿಲ್ಲ. ತಲೆ ಎತ್ತದೆಯೇ ಅಂದರು:

'ಒಣಗೈತೆ ಕಣ್ಲಾ. ಒಡಿಸ್ಬೋದು.'

'ಏನಜ್ಜಿ?'

'ಇನ್ನೊಂದ್ಸಲ ಅನ್ನು.'

ಅಂದೆ. ಅಜ್ಜಿ ಅಂಟಿದ ಕೈಯನ್ನು ಹಾಗೇ ಎತ್ತಿ ಹಿಡಿದು, ತಲೆ ಓರೆ ಮಾಡಿ ಕೇಳಿದರು. 'ಹೂಂ. ಚಿಪ್ಪಿಂದ ಕೊಬ್ರಿ ಬುಟ್ಕೊಂಡೈತೆ. ಒಳ್ಳೆ ಉಂಡೆ. ಎಲ್ಲೈತ್ಲಾ ಆ ಕಾಯಿ?'

ಅರವತ್ತು ವರ್ಷ ಅಟ್ಟದ ಕಾಯಿಯನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲುಗಿಸಿ, ಇದು ಹಸಿ, ಇದು ಆಯ್ತು ಎಂದು ಬೇರ್ಪಡಿಸಿದ ಕಿವಿ ಅದು. ನಾನು ಫೋನನ್ನು ಹುಣಸೆಹಣ್ಣಿನ ಮೊರದಲ್ಲೇ ಬಿಟ್ಟು ಓಡಿದೆ. ಅದರೊಳಗೆ ನಂಜುಂಡಣ್ಣ 'ಮೇಷ್ಟ್ರೇ? ಲೊಟಕ್ ಆಮೇಲೆ?' ಎಂದು ಕೇಳುತ್ತಲೇ ಇದ್ದರು. ಡಿಕ್ಕಿ ತೆಗೆದು ಗೋಣಿಚೀಲಗಳನ್ನು ಎಳೆದು ಹಾಕಿದೆ. ಕೆಳಗಿನ ಹಲಗೆಯ ಒಂದು ಮೂಲೆ ಮುರಿದು ಬಾಯಿ ಬಿಟ್ಟಿತ್ತು. ಹಲಗೆ ಎತ್ತಿದರೆ ಸ್ಟೆಪ್ನಿ ಚಕ್ರದ ಹೊಂಡ. ಆ ಹೊಂಡದಲ್ಲಿ, ಚಕ್ರಕ್ಕೂ ಜ್ಯಾಕಿಗೂ ನಡುವೆ ಸಿಕ್ಕಿಕೊಂಡು, ಜುಟ್ಟಿನಲ್ಲಿ ಅರಿಸಿನ-ಕುಂಕುಮದ ಗುರುತು ಇನ್ನೂ ಮಾಸದೆ, ಕಂದುಬಣ್ಣಕ್ಕೆ ತಿರುಗಿದ ಒಂದು ತೆಂಗಿನಕಾಯಿ. ಕೈಗೆತ್ತಿಕೊಂಡು ಅಲುಗಿಸಿದೆ. ಲೊಟಕ್.

ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಹುಟ್ಟಿದಾಗಿನಿಂದ ತಲೆಯ ಮೇಲಿನ ಅಟ್ಟದಲ್ಲಿ ಇದೇ ಸದ್ದು ಕೇಳಿಕೊಂಡು ಮಲಗಿದ ಮನೆ ನಮ್ಮದು. ಅಪ್ಪನಿಗೆ ಗೊತ್ತಾಗಬೇಕಿತ್ತು, ನನಗೆ ಗೊತ್ತಾಗಬೇಕಿತ್ತು, ಕೊಬ್ಬರಿ ಸೀಮೆಯಲ್ಲೇ ಬೆಳೆದ ನಂಜುಂಡಣ್ಣನಿಗೂ ಗೊತ್ತಾಗಬೇಕಿತ್ತು. ಕಾರಿನೊಳಗಿಂದ ಬಂತೆಂಬ ಒಂದೇ ಕಾರಣಕ್ಕೆ ನಾವೆಲ್ಲ ಅದಕ್ಕೆ ಬುಶ್ಶು, ಶಾಕಪ್ಪು, ಕೊನೆಗೆ ಅಮ್ಮ ಎಂದು ಹೆಸರಿಟ್ಟೆವು.

ಕಾಯಿಯನ್ನು ತಂದು ಅಮ್ಮನ ಮುಂದಿಟ್ಟೆ. ಅಮ್ಮ ಮೊದಲು ನೋಡಿದ್ದು ಕಾಯಿಯನ್ನಲ್ಲ, ಕುಂಕುಮವನ್ನು. ಆಮೇಲೆ ಬೆರಳಿನಿಂದ ಆ ಅರಿಸಿನವನ್ನು ಮೆಲ್ಲಗೆ ಸವರಿ, 'ಗೌರಿಹಬ್ಬದ್ದು' ಎಂದಳು. 'ಅತ್ತಿಗೆ ಕೊಟ್ಟಿದ್ರು. ಕೊಟ್ಟೇ ಇದ್ರು ಕಣೋ.' ವಾಲಿದ ಚೀಲದಿಂದ ಉರುಳಿ, ಮುರಿದ ಮೂಲೆಯಿಂದ ಜಾರಿ, ತವರಿನ ಕಾಯಿ ಏಳು ತಿಂಗಳು ಆಕೆಯ ಬೆನ್ನ ಹಿಂದೆಯೇ ಊರೂರು ಸುತ್ತಿತ್ತು. ಆಕೆಯದೇ ಹಂಪಿನ ಏಟಿಗೆ ಚಿಪ್ಪಿನಿಂದ ಬಿಡಿಸಿಕೊಂಡು, ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ ಎಂದು ಬಡಿದುಕೊಂಡಿತ್ತು. ಆ ಭಾನುವಾರ ಶೆಟ್ಟಿಕೆರೆಗೆ ಹೋದ ಫೋನು ಒಂದೂವರೆ ಗಂಟೆ ನಡೆಯಿತು. ಏಳು ತಿಂಗಳ ಬಾಕಿ ಸುದ್ದಿಯ ಜೊತೆಗೆ ನನ್ನ ಬಗ್ಗೆಯೂ ಸಾಕಷ್ಟು ಚರ್ಚೆಯಾದಂತೆ ತೋರಿತು. ನಡುನಡುವೆ ಅತ್ತೆಯ ನಗು ಫೋನು ದಾಟಿ ಹಜಾರಕ್ಕೆ ಬರುತ್ತಿತ್ತು.

ಅಜ್ಜಿ ಕತ್ತಿಯ ಬೆನ್ನಿನಿಂದ ಚಿಪ್ಪಿನ ಸುತ್ತ ಹದವಾಗಿ ತಟ್ಟಿ ಬಿಡಿಸಿದರು. ಒಂದು ಬಿರುಕಿಲ್ಲದ, ಕಲೆಯಿಲ್ಲದ, ಎಣ್ಣೆಗಪ್ಪಿನ ಉಂಡೆ ಕೊಬ್ಬರಿ ಹೊರಬಂತು. ಅಪ್ಪ ಅದನ್ನು ಎತ್ತಿ ತಿರುಗಿಸಿ ನೋಡುತ್ತ, 'ಅಟ್ಟದಲ್ಲಾದ್ರೆ ಒಂದು ವರ್ಷ ಬೇಕು. ಡಿಕ್ಕೀಲಿ ಏಳೇ ತಿಂಗಳಿಗೆ ಆಗೈತಲ್ಲಾ!' ಎಂದು ಕಾರಿನ ಕಡೆಗೆ ಒಂದು ಬಗೆಯ ವ್ಯಾವಹಾರಿಕ ಪ್ರೀತಿಯಿಂದ ನೋಡಿದರು. ಇನ್ನೆರಡು ದಿನ ಬಿಟ್ಟಿದ್ದರೆ ಡಿಕ್ಕಿಯ ತುಂಬ ಕಾಯಿ ಸುರಿದು ತಿಪಟೂರು ಸುತ್ತಿಸುತ್ತಿದ್ದರೇನೋ.

ಮುಂದಿನ ಭಾನುವಾರ ಆ ಕೊಬ್ಬರಿಯನ್ನು ತುರಿದು ಮಾಡಿದ ಮಿಠಾಯಿಯ ಡಬ್ಬಿಯೊಂದಿಗೆ ಶೆಟ್ಟಿಕೆರೆಗೆ ಹೊರಟೆವು. ಅಮ್ಮ ಮೊಳೆಯಿಂದ ಕೀಲಿಯನ್ನು ತಾನೇ ತೆಗೆದುಕೊಂಡಳು. ಅಪ್ಪ ಮುಂದೆ ಕುಳಿತರು, ನಾನು ಹಿಂದೆ, ಸ್ಕ್ಯಾನರು ನನ್ನ ಮಡಿಲಲ್ಲಿ. ಕೀಲಿ ತಿರುಗಿತು, ಗಿಂಡಿ ಒಮ್ಮೆ ಕಣ್ಣು ಬಿಟ್ಟು, ನಮ್ಮೆಲ್ಲರನ್ನೂ ನೋಡಿ, ಕಣ್ಣು ಮುಚ್ಚಿತು. ದಾರಿಯಲ್ಲಿ ಗುಂಡಿಗಳು ಬಂದವು, ತಿರುವುಗಳು ಬಂದವು, ಎಲ್ಲೂ ಸದ್ದಿಲ್ಲ. ಹಂಪುಗಳಿಗೆ ಆ ದಾರಿಯಲ್ಲೂ ಬರವಿಲ್ಲ. ಹುಡುಗರು ಮ್ಯಾಚ್ ಆಡುತ್ತಿದ್ದ ಮೈದಾನವೊಂದರ ಪಕ್ಕ ದೊಡ್ಡದೊಂದು ಬಂತು. ಅಮ್ಮ ಮೊದಲನೆಯ ಗೇರಿಗೆ ಇಳಿಸಿ, ಮೊಟ್ಟೆಯ ಮೇಲೆ ನಡೆದಂತೆ ಕಾರನ್ನು ಹತ್ತಿಸಿ, ಇಳಿಸಿದಳು.

ಲೊಟಕ್.

ನಾನು ಸ್ಕ್ಯಾನರನ್ನು ಹಿಡಿದು ಮುಂದಕ್ಕೆ ಬಾಗಿ, ಸೀಟುಗಳ ನಡುವಿನಿಂದ ಕತ್ತು ಚಾಚಿ ಗಿಂಡಿಯನ್ನು ನೋಡಿದೆ. ಗಿಂಡಿ ಆರಿಯೇ ಇತ್ತು. ಅಪ್ಪನ ಹೆಗಲು ಅಲುಗುತ್ತಿತ್ತು. ಅಮ್ಮ ಕನ್ನಡಕದ ಮೇಲಿನಿಂದ ರಸ್ತೆಯನ್ನೇ ನೋಡುತ್ತ, ಮುಖದ ಒಂದು ಗೆರೆಯೂ ಮಿಸುಕದಂತೆ, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಇನ್ನೊಮ್ಮೆ ಬಿಡಿಸಿದಳು.